ತಳೇಗಾಂವದ ಹವಾ

ಗಾಜು ಬಂದ ಮೇಲೆ ಡಾಕ್ಟರ್ ಪ್ರೇಮಕುಮಾರನಿಗೆ ಒಬ್ಬನೇ ಕೂತು ಮೂಗು ಕೆರೆದುಕೊಳ್ಳುವುದೂ ಕಷ್ಟವಾಗಿತ್ತು. ಪುಣೆಯ ವಾಕಡದ ಈ ಪ್ರಾಣಿಗಳ ಆಶ್ರಮದಲ್ಲಿ ಡಾಕ್ಟರನ ಕೋಣೆಗೆ ಮೊದಲು ಇಟ್ಟಿಗೆಯ ಗೋಡೆಯಿತ್ತು. ಒಳಗೆ ಡಾಕ್ಟರ್ ತೂಕಡಿಸುತ್ತಿದ್ದರೂ ಹೊರಗಿನವರು ಏನೋ ಗಹನವಾದದ್ದು ನಡೆದಿದೆ ಎಂದು ತಿಳಿದು ತಿರುಗಿ ಹೋಗುತ್ತಿದ್ದರು. ಆಮೇಲೆ ಮರಾಠಿ ಪತ್ರಿಕೆಯೊಂದರಲ್ಲಿ ಯಾರೋ ಒಂದು ಸಣ್ಣ ಪ್ರಶ್ನೆ ಕೇಳಿದರು: ಈ ಆಶ್ರಮದೊಳಗೆ ಹೋದ ನಾಯಿಗಳೆಲ್ಲ ಎಲ್ಲಿ? ಅದೇ ಹೊತ್ತಿಗೆ ಹಿಂಜವಾಡಿಯ ಒಂದು ಸಾಫ್ಟ್‌ವೇರ್ ಕಂಪನಿಯವರು ತಮ್ಮ ಹೊಸ ಕಟ್ಟಡಕ್ಕೆ ಹಾಕಿ ಮಿಕ್ಕಿದ ಗಾಜನ್ನು ಆಶ್ರಮಕ್ಕೆ ದಾನ ಮಾಡಿದರು. ಎಲ್ಲರೂ ಬಾಯಿ ಎಂದು ಕರೆಯುವ ಅಧ್ಯಕ್ಷೆ ದೇವಧರ ಬಾಯಿ ಪ್ರಶ್ನೆಯನ್ನೂ ಗಾಜನ್ನೂ ಜೋಡಿಸಿ ಉತ್ತರ ಕಂಡುಹಿಡಿದರು. ಪಾರದರ್ಶಕತೆ. ಆಫೀಸಿನ ಗೋಡೆ ಕೆಡವಿ ಗಾಜು ಹಾಕಿಸಿದರು, ಅಡುಗೆಮನೆಗೆ ಗಾಜು, ನಾಯಿಗಳ ಸಾಲಿಗೆ ಗಾಜು, ಡಾಕ್ಟರನಿಗೂ ಗಾಜು. ಹಿಂದುಗಡೆಯ ಕೊನೆಯ ಕೋಣೆಗೆ ಬರುವಷ್ಟರಲ್ಲಿ ಗಾಜು ಮುಗಿಯಿತು. ಅಳತೆ ಹಿಡಿದು ತರಿಸಿದ್ದರೂ ಅಷ್ಟು ಕರಾರುವಾಕ್ಕಾಗಿ ಮುಗಿಯುತ್ತಿರಲಿಲ್ಲ. ಆ ಕೋಣೆಗೆ ಬಾಯಿ ವಿಶ್ರಾಂತಿ ಕೋಣೆ ಎಂದು ಹೆಸರಿಟ್ಟಿದ್ದರು. ಅಲ್ಲಿ ಒಂದು ಸ್ಟೀಲಿನ ಮೇಜು, ಒಂದು ಸ್ಟೀಲಿನ ಕಪಾಟು, ಮೂಲೆಯಲ್ಲಿ ನೀರಿನ ಪೈಪು ಇದ್ದವು. ವಿಶ್ರಾಂತಿ ಕೊಡುವ ಕೆಲಸ ಪ್ರೇಮಕುಮಾರನದು.

ಬೀದರದಲ್ಲಿ ಪಶುವೈದ್ಯ ಓದುವಾಗ ಪರೀಕ್ಷೆಗೆಂದು ಈ ವಿಷಯದ ಮೇಲೆ ಅವನು ಚೆನ್ನಾಗಿ ಬರೆದಿದ್ದ. ಯಾವಾಗ ಸಲ್ಲುತ್ತದೆ, ಯಾವಾಗ ಸಲ್ಲದು. ವಾಸಿಯಾಗದ ನೋವು, ಮುರಿದ ಬೆನ್ನು, ಹುಚ್ಚು. ದಯಾಮರಣ. ಕನ್ನಡದಲ್ಲಿ ಆ ಮಾತು ಎಷ್ಟು ಚೆಂದ ಎಂದು ಅವನಿಗೆ ಆಗಾಗ ಅನಿಸುತ್ತಿತ್ತು. ಮೊದಲರ್ಧವನ್ನು ಬಾಯಿ ಭಾಷಣಗಳಲ್ಲಿ ನೋಡಿಕೊಳ್ಳುತ್ತಿದ್ದರು, ಉಳಿದರ್ಧ ಅವನ ಪಾಲಿಗೆ ಬಂದಿತ್ತು. ಮುರಿದ ಬೆನ್ನಿನವು ಬರುತ್ತಿದ್ದವು, ಇಲ್ಲವೆಂದಲ್ಲ. ಹಿಂಜವಾಡಿಯ ಕಂಪನಿ ಬಸ್ಸುಗಳು ಅವನ್ನು ದಿನಾಲು ತಯಾರು ಮಾಡಿ ಕಳಿಸುತ್ತಿದ್ದವು. ಅವಕ್ಕೆ ಸೂಜಿ ಹಾಕಿದ ದಿನ ಅವನಿಗೆ ನಿದ್ದೆ ಸರಿಯಾಗಿಯೇ ಬರುತ್ತಿತ್ತು. ಆದರೆ ಫೋಟೋದವರು ಬರುವವರಿದ್ದರೆ, ದಾನಿಗಳು ಬರುವವರಿದ್ದರೆ, ಹಿಂದಿನ ದಿನ ಬಾಯಿ ಮೊಬೈಲಿನಲ್ಲಿ ಮೆಲ್ಲಗೆ ಹೇಳುತ್ತಿದ್ದರು: ಡಾಕ್ಟರ್, ತುಂಬಾ ಗದ್ದಲ ಅನಿಸುತ್ತೆ, ಸ್ವಲ್ಪ ಜಾಗ ಮಾಡಿ, ವಯಸ್ಸಾದವುಗಳಿಂದ ಸುರು ಮಾಡಿ. ಮಾಲೀಕರು ಫೋನ್ ಮಾಡಿ ಕೇಳಿದರೆ ತಳೇಗಾಂವಕ್ಕೆ ಕಳಿಸಿದೆವು ಎಂದು ಹೇಳಬೇಕು. ತಳೇಗಾಂವದಲ್ಲಿ ಆಶ್ರಮ ನಡೆಸುವ ಟ್ರಸ್ಟಿನದೊಂದು ಜಮೀನಿತ್ತು, ತಂತಿಬೇಲಿ ಇತ್ತು, ಗೇಟಿಗೆ ಬೋರ್ಡೂ ಇತ್ತು. ಆಶ್ರಮದ ವ್ಯಾನು ಸಂಜೆ ಅಲ್ಲಿಗೆ ಹೋಗುವುದೂ ನಿಜ, ನಾಯಿಗಳು ಅದರಲ್ಲಿ ಇರುತ್ತಿದ್ದುದೂ ನಿಜ. ಚೀಲದೊಳಗೆ ಇರುತ್ತಿದ್ದವು, ಹೂಳಲು ಹೋಗುತ್ತಿದ್ದವು ಎಂಬುದನ್ನು ಯಾರೂ ಕೇಳುತ್ತಿರಲಿಲ್ಲ.

ಇವತ್ತು ರವಿವಾರ, ಆಶ್ರಮದಲ್ಲಿ ತೆರೆದ ಬಾಗಿಲಿನ ದಿನ. ಬನ್ನಿ, ನೋಡಿ ಎಂದು ಪತ್ರಿಕೆಯಲ್ಲಿ ಹಾಕಿಸಿದ್ದರು. ಬೆಳಿಗ್ಗೆ ಬಾಯಿ ಬಂದು ಅವನ ಬಿಳಿ ಕೋಟಿನ ಗುಂಡಿಯನ್ನು ತಾವೇ ಹಾಕಿ, ಮರಾಠಿಯಲ್ಲಿ ಬುದ್ಧಿ ಹೇಳಿದರು: "ಯಾರಾದರೂ ಕೇಳಿದರೆ ಉತ್ತರ ಕೊಡಿ. ಕೇಳದೆ ಹೇಳಿದರೆ ಅದು ಪಾರದರ್ಶಕತೆ ಅಲ್ಲ ಡಾಕ್ಟರ್, ಅಸಭ್ಯತೆ." ಅವನು ಹೌದೆಂದ. ಹೌದೆನ್ನುವಾಗ ತನ್ನ ತಲೆ ಅಗತ್ಯಕ್ಕಿಂತ ಒಂದಿಷ್ಟು ಹೆಚ್ಚು ಬಾಗಿತೆಂದು ಎದುರಿನ ಗಾಜಿನಲ್ಲಿ ಕಂಡ. ಹಿಂದಿನ ಕೋಣೆ ತೊಳೆಯುತ್ತಿದ್ದ ಅವ್ವಣ್ಣ, ಕಲಬುರ್ಗಿ ಕಡೆಯವನು, ನಾಯಿಗಳನ್ನು ಹಿಡಿಯುವ ಕೆಲಸದವನು, ಪೈಪು ಹಿಡಿದುಕೊಂಡೇ ಬಾಗಿಲಿಗೆ ಬಂದ.

"ಸಾಹೇಬ್ರ, ಇವತ್ತ ಸೂಜಿಗಿ ರಜಾ ಏನ್ರಿ?"

"ರಜಾ."

"ಹಂಗಾರ ಆ ನಾಯಿಗೋಳಿಗಿ ಯಾರರೆ ಹೇಳ್ರಿ, ಪಾಪ, ಹಬ್ಬರೆ ಮಾಡ್ತಾವ."

ಪ್ರೇಮಕುಮಾರ ನಗಲಿಲ್ಲ. ಅವನ ಲಕ್ಷ್ಯವೆಲ್ಲ ಗೇಟಿನ ಮೇಲಿತ್ತು. ಶನಿವಾರಕ್ಕೊಮ್ಮೆ ಬರುವ ಶಿವರುದ್ರಪ್ಪ ನಿನ್ನೆ ಬಂದಿರಲಿಲ್ಲ. ನಾಳೆ ಇಬ್ಬರೂ ಬರ್ತೀವಿ ಎಂದು ಫೋನಿನಲ್ಲಿ ಅವರ ಹೆಂಡತಿ ಚನ್ನಬಸವ್ವ ಹೇಳಿದ್ದರು. ಆ ಇಬ್ಬರೂ ಎಂಬ ಮಾತಿಗೆ ರಾತ್ರಿ ಎರಡು ಸಲ ಎದ್ದು ನೀರು ಕುಡಿದಿದ್ದ.

ಶಿವರುದ್ರಪ್ಪ ಗುಳೇದಗುಡ್ಡದ ಕುಪ್ಪಸದ ಖಣಗಳ ವ್ಯಾಪಾರಿ. ಪೇಟೆಯ ಹಳೆಯ ವಾಡೆಯೊಂದರಲ್ಲಿ ಅಂಗಡಿಯ ಮೇಲೆಯೇ ಮನೆ ಮಾಡಿಕೊಂಡು ಅರ್ಧ ಆಯುಷ್ಯ ಕಳೆದವರು. ಪುಣೆಗೆ ಹೊಸದಾಗಿ ಬಂದ ಪ್ರೇಮಕುಮಾರನನ್ನು ಬಸವ ಜಯಂತಿಯ ಪಂಕ್ತಿಯಲ್ಲಿ ಕಂಡು, ಹುಡುಗ ನಮ್ಮ ಕಡಿಯಾಂವ, ದನದ ಡಾಕ್ಟರ ಇದ್ದರೂ ಡಾಕ್ಟರನ ಅಲ್ಲೇನು ಎಂದು ಮನೆಗೆ ಕರೆದು ಉಣ್ಣಿಸಿದವರು. ಆ ಮನೆಯ ಪಾವಟಿಗೆಯ ಮೇಲೆ ಸರದಾರ ಮಲಗಿರುತ್ತಿದ್ದ. ಕಂದು ಬಣ್ಣದ, ಯಾವ ಜಾತಿಗೂ ಸೇರದ ಬೀದಿನಾಯಿ. ಹಲ್ಲು ಹೋಗಿದ್ದವು, ಒಂದು ಕಣ್ಣಿಗೆ ಹೂ ಬಂದಿತ್ತು, ಗತ್ತು ಮಾತ್ರ ಹಾಗೇ ಉಳಿದಿತ್ತು. ಬಂದ ಗಿರಾಕಿಗೆ ಬಲಗಾಲು ಎತ್ತಿ ಕೊಡುವುದನ್ನು ಅಂಗಡಿಯ ಆಳುಗಳು ಅದಕ್ಕೆ ಕಲಿಸಿದ್ದರು. ಆಮೇಲೆ ವಾಡೆ ಬಿಲ್ಡರನ ಪಾಲಾಯಿತು, ಗಂಡಹೆಂಡತಿ ವಾಕಡದ ಹೊಸ ಫ್ಲ್ಯಾಟಿಗೆ ಬಂದರು. ಸೊಸೈಟಿಯ ಕಾಯ್ದೆ ನಾಯಿ ನಡೆಯದು ಎಂದಿತು. ಆಶ್ರಮಕ್ಕೆ ಬಿಡ್ರಿ, ನಾ ಇದ್ದೀನಲ್ಲ ಎಂದು ಹೇಳಿದವನು ಪ್ರೇಮಕುಮಾರನೇ. ಹೇಳುವಾಗ ಅವನ ಬಾಯಲ್ಲಿ ಅವರ ಮನೆಯ ಹೋಳಿಗೆ ಇತ್ತು. ಬಾಯಲ್ಲಿ ಹೋಳಿಗೆ ಇದ್ದಾಗ ಮನುಷ್ಯ ಯಾರಿಗೆ ಬೇಕಾದರೂ ಮಾತು ಕೊಡುತ್ತಾನೆ.

ಬಿಟ್ಟು ಹೋದ ದಿನವೇ ಬಾಯಿಯ ಫೋನು ಬಂದಿತ್ತು, ಸ್ವಲ್ಪ ಜಾಗ ಮಾಡಿ ಎಂದು. ಇದೊಂದನ್ನು ಬಿಡೋಣ ಎಂದು ಅವನು ಹೇಳಬಹುದಿತ್ತು. ಹೇಳಬೇಕೆಂದು ಆಫೀಸಿನವರೆಗೆ ಹೋಗಿಯೂ ಇದ್ದ. ಅಲ್ಲಿ ಬಾಯಿ ಯಾರೊಂದಿಗೋ ಇಂಗ್ಲಿಷಿನಲ್ಲಿ ನಗುತ್ತಿದ್ದರು. ನಡುವೆ ಬಾಯಿ ಹಾಕುವುದು ಸರಿ ಕಾಣದೆ ವಾಪಸು ಬಂದ. ಒಂದು ಜೀವ ಉಳಿಸಲು ಅಡ್ಡ ಬಂದದ್ದು ಸಭ್ಯತೆ ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದ. ಅದು ಹೆದರಿಕೆ ಎನ್ನುವುದಕ್ಕಿಂತ ಕೇಳಲು ಹಿತವಾಗಿತ್ತು. ಅವ್ವಣ್ಣ ಎತ್ತಿ ಮೇಜಿನ ಮೇಲಿಟ್ಟಾಗ ಸರದಾರ ಸುತ್ತ ನೋಡಿ, ಎದುರು ಬಿಳಿ ಕೋಟಿನವನನ್ನು ಗಿರಾಕಿ ಎಂದುಕೊಂಡಿತೋ ಏನೋ, ಬಲಗಾಲು ಎತ್ತಿ ಕೊಟ್ಟಿತು. ಪ್ರೇಮಕುಮಾರ ಯೋಚಿಸದೆ ಹಿಡಿದುಕೊಂಡ. ನರ ತಾನಾಗಿ ಮೇಲೆ ಬಂದು ನಿಂತಿತ್ತು. ಇಷ್ಟು ಅನುಕೂಲದ ರೋಗಿಯನ್ನು ಕಾಲೇಜಿನಲ್ಲಿ ಅವನಿಗೆ ಯಾರೂ ತೋರಿಸಿರಲಿಲ್ಲ.

ಸಂಜೆ ಚನ್ನಬಸವ್ವ ಫೋನ್ ಮಾಡಿ, "ಉಂಡಾನೇನ್ರಿ?" ಎಂದು ಕೇಳಿದರು. "ತಳೇಗಾಂವಕ್ಕ ಹೋದನ್ರಿ ಅವ್ವಾರ, ಅಲ್ಲಿ ಜಾಗಾ ದೊಡ್ಡದದ," ಎಂದ. ವ್ಯಾನು ಆಗತಾನೆ ಗೇಟು ದಾಟಿತ್ತು. ಆ ಶನಿವಾರವೇ ಶಿವರುದ್ರಪ್ಪ ಸ್ಟೀಲಿನ ಡಬ್ಬಿ ಹಿಡಿದು ಬಂದರು. ಆಕಿ ಕಳಿಸ್ಯಾಳ, ವ್ಯಾನ್ ಹೋಗತದಲ್ಲ, ಅದರಾಗ ಕಳಸ್ರಿ. ಡಬ್ಬಿಯಲ್ಲಿ ಮೆತ್ತಗಿನ ಜೋಳದ ರೊಟ್ಟಿ, ಹಾಲಿನಲ್ಲಿ ನೆನೆಸಲೆಂದು ತೆಳ್ಳಗೆ ಬಡಿದದ್ದು. ಉಳಿದ ನಾಯಿಗಳಿಗೆ ಹಾಕಿದರಾಯಿತು ಎಂದು ಅವನು ಪಕ್ಕಕ್ಕಿಟ್ಟ. ಅವತ್ತು ಯಾವುದೋ ಹಬ್ಬ, ಖಾನಾವಳಿ ಮುಚ್ಚಿತ್ತು. ಹಸಿದವನು ಒಂದು ತುಂಡು ಮುರಿದ. ಊರು ಬಿಟ್ಟ ಮೇಲೆ ಇಂಥ ರೊಟ್ಟಿ ತಿಂದೇ ಇಲ್ಲವಲ್ಲ ಎಂದು ಇನ್ನೊಂದು ತುಂಡು ಮುರಿದ. ಮುಂದಿನ ಶನಿವಾರದ ಹೊತ್ತಿಗೆ ಶೇಂಗಾ ಚಟ್ನಿಪುಡಿಯನ್ನು ಮೊದಲೇ ತಂದಿಟ್ಟುಕೊಂಡಿದ್ದ. ತಿನ್ನುವಾಗ ಅವನಿಗೆ ಪಾಪಪ್ರಜ್ಞೆ ಆಗುತ್ತಿತ್ತು, ಸುಳ್ಳಲ್ಲ. ಒಂದೊಂದು ತುತ್ತಿಗೂ ಆಗುತ್ತಿತ್ತು, ಆದರೆ ತುತ್ತು ಮಾತ್ರ ನಿಲ್ಲುತ್ತಿರಲಿಲ್ಲ. ತಾನು ಇಷ್ಟು ನರಳುವವನಾದ್ದರಿಂದ ತಿನ್ನುವ ಹಕ್ಕು ಸ್ವಲ್ಪ ಬಂದಿದೆ ಎಂದೂ ಅನಿಸುತ್ತಿತ್ತು. ಆ ನರಳಿಕೆ ಅವನ ಏಕಾಂತದ ಆಸ್ತಿ. ಈ ಗಾಜಿನ ಮನೆಯಲ್ಲಿ ಯಾರಿಗೂ ಕಾಣದ ಒಂದೇ ಒಂದು ವಸ್ತು.

ಹೀಗೆ ತಿಂಗಳುಗಳು ಹೋದ ಮೇಲೆ ನಾಲಿಗೆ ಧೈರ್ಯ ಮಾಡಿತು. ಮೆತ್ತಗಿನ ರೊಟ್ಟಿ ತಿಂದು ತಿಂದು ಬೇಸರವಾಗಿತ್ತು. ಚನ್ನಬಸವ್ವ ಫೋನಿನಲ್ಲಿ, ಹೆಂಗ ತಿಂತಾನ್ರಿ, ಸಾಕಾಗತದೇನ್ರಿ ಎಂದು ಕೇಳಿದಾಗ ಅವನ ಬಾಯಿಂದ ಬಂದುಬಿಟ್ಟಿತು: "ಈಗ ಎಳ್ಳು ಹಚ್ಚಿದ ಕಟಕ ರೊಟ್ಟಿ ಇದ್ರ ಭಾಳ ಖುಷಿಲೆ ತಿಂತಾನ್ರಿ." ಹೇಳಿದ ಮೇಲೆ ಫೋನು ಕೈಯಲ್ಲೇ ಉಳಿಯಿತು. ಹಲ್ಲಿಲ್ಲದ ನಾಯಿ, ಕಡಿದರೆ ಕಟಕಟ ಎನ್ನುವ ಗಟ್ಟಿ ರೊಟ್ಟಿ. ಆ ಕಡೆ ಚನ್ನಬಸವ್ವ ಸಂತೋಷ ತಡೆಯಲಾರದೆ ಗಂಡನಿಗೆ ಹೇಳಿದ್ದು ಕೇಳಿಸಿತು: "ಕೇಳಿದ್ರ್ಯಾ, ಕಟಕ ರೊಟ್ಟಿ ಕಡೀತಾನಂತ. ತಳೇಗಾಂವದ ಹವಾ ಅಂದ್ರ ಹವಾ ನೋಡ್ರಿ." ಮುಂದಿನ ಶನಿವಾರದಿಂದ ಎಳ್ಳಿನ ಕಟಕ ರೊಟ್ಟಿ ಬರತೊಡಗಿತು.

ಗೇಟಿನಲ್ಲಿ ರಿಕ್ಷಾ ನಿಂತಿತು. ಚನ್ನಬಸವ್ವ ಇಳಕಲ್ಲ ಸೀರೆ ಉಟ್ಟು, ಯಾರದೋ ಮನೆಯ ಕಾರ್ಯಕ್ಕೆ ಬಂದವರ ಹಾಗೆ ಸಡಗರದಿಂದ ಇಳಿದರು. ಹಿಂದೆ ಶಿವರುದ್ರಪ್ಪ ಚಿಲ್ಲರೆ ಎಣಿಸುವ ನೆವದಿಂದ ಎಷ್ಟು ತಡ ಮಾಡಬಹುದೋ ಅಷ್ಟು ತಡ ಮಾಡಿದರು. ಒಳಗೆ ಬಂದು ಕೂತ ಕೂಡಲೇ ಚನ್ನಬಸವ್ವ ಚೀಲದಿಂದ ಡಬ್ಬಿ ತೆಗೆದರು. ಅದರ ಹಿಂದೆ ಕೆಂಪು ಬಣ್ಣದ ಹೊಸ ಬೆಲ್ಟು ತೆಗೆದು ಮೇಜಿನ ಮೇಲಿಟ್ಟರು. ಅದಕ್ಕೊಂದು ಗೆಜ್ಜೆಯೂ ಇತ್ತು.

"ಆರಾಮ ಇದ್ದೀರ್ಯಾ ಡಾಕ್ಟರ್ರ? ಬಿಳಿ ಕೋಟಿನ್ಯಾಗ ಮದಿಮಗನ್ಹಂಗ ಕಾಣ್ತೀರಿ."

"ನಮಸ್ಕಾರ್ರಿ ಅವ್ವಾರ. ಇದೇನ್ರಿ ಇದು?"

"ಕಾಯ್ದೆ ಹಾರಿಹೋತ್ರಿ," ಚನ್ನಬಸವ್ವ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. "ನಮ್ಮ ಸೊಸೈಟಿ ಚೇರಮನ್ನನ ಮಗಾ ಕರಡಿಯಂಥಾದ್ದೊಂದ ನಾಯಿ ತಂದು ಕಟ್ಯಾನ. ಅದು ಲಿಫ್ಟಿನ್ಯಾಗ ಸಾಹೇಬನ್ಹಂಗ ಹತ್ತಿ ಇಳೀತದ. ನಾ ಹೋಗಿ ನಿಂತೆ. ನಿಮ್ಮ ನಾಯಿಗೆ ಲಿಫ್ಟು, ನಮ್ಮ ನಾಯಿಗೆ ಕಾಯ್ದೇನು ಅಂತ ಕೇಳಿದೆ. ಚೇರಮನ್ನ ಕನ್ನಡಕ ಒರಸಕೋತ ಕೂತ. ಈಗ ಸರದಾರನ್ನ ಕರಕೊಂಡ ಹೋಗಾಕ ಬಂದೀನ್ರಿ. ತಳೇಗಾಂವಕ್ಕ ಹ್ಯಾಂಗ ಹೋಗೋದು, ನಿಮ್ಮ ವ್ಯಾನ್ ಅದನೋ, ನಾವs ಗಾಡಿ ಮಾಡೂನೋ?"

ಪ್ರೇಮಕುಮಾರ ಬೆಲ್ಟನ್ನು ನೋಡಿದ. ಅಳತೆ ಸರಿಯಾಗಿತ್ತು. ಇಷ್ಟು ತಿಂಗಳಾದರೂ ಕುತ್ತಿಗೆಯ ಅಳತೆ ಈಕೆಯ ಕೈಗೆ ನೆನಪಿದೆ ಎಂದು ತಿಳಿದದ್ದೇ ಅವನು ಕಣ್ಣನ್ನು ಗೇಟಿನ ಕಡೆ ತಿರುಗಿಸಿದ.

"ಭಾಳ ದೂರ ಅದರಿ ಅವ್ವಾರ. ಇವತ್ತ ವ್ಯಾನ್..."

"ದೂರೇನ್ರಿ, ಲೋಕಲ್ ಗಾಡಿ ಹೋಗತದ. ಮುಪ್ಪಾಗ್ಯಾನ, ಪಾವಟಿಗಿ ಹತ್ತತಾನೋ ಇಲ್ಲೋ ಅಂತ ಇವರು ರಾಗಾ ತೆಗೀತಾರ. ಕಟಕ ರೊಟ್ಟಿ ಕಡಿಯಾಂವಗ ಪಾವಟಿಗಿ ಏನ ಹೆಚ್ಚಿನ್ವು?"

ಶಿವರುದ್ರಪ್ಪ ಕೆಮ್ಮಿದರು. "ಡಾಕ್ಟರ್ರ, ಒಂದ ನಿಮಿಷ ಹೊರಗ ಬರ್ರಿ. ಗಾಡೀದು ಮಾತಾಡೂಣು."

ಇಬ್ಬರೂ ಹೊರಗೆ ಬಂದು ನಿಂತರು. ಚನ್ನಬಸವ್ವ ಗಾಜಿನ ಆಚೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಇವರನ್ನೇ ನೋಡುತ್ತಿದ್ದರು. ಎಲ್ಲ ಕಾಣುತ್ತಿತ್ತು, ಏನೂ ಕೇಳುತ್ತಿರಲಿಲ್ಲ. ಬಾಯಿಯ ತತ್ವ ಇಷ್ಟು ಶುದ್ಧವಾಗಿ ಜಾರಿಗೆ ಬಂದದ್ದನ್ನು ಪ್ರೇಮಕುಮಾರ ಮೊದಲ ಸಲ ಕಂಡ.

"ಮಿಲಿಟ್ರಿ ಮಂದಿ ಒಯ್ದಾರ ಅನ್ರಿ," ಶಿವರುದ್ರಪ್ಪ ಹೆಂಡತಿಯ ಕಡೆಗೆ ಒಂದು ನಗೆ ಬೀರಿ ಮೆಲ್ಲಗೆ ಹೇಳಿದರು. "ಯಾವನೋ ಮೇಜರ ನೋಡಿ ಮೆಚ್ಚಿ ಒಯ್ದಾನ. ದೂರ. ಡೆಹರಾಡೂನ ಅನ್ರಿ, ಅಲ್ಲಿಗೆ ಆಕಿ ಬರಂಗಿಲ್ಲ."

"ಸಾವಕಾರ್ರ, ನಿಮಗೊಂದ ಮಾತ ಹೇಳಬೇಕಾಗೇದ. ಸರದಾರ..."

"ನನಗ ಏನ ಹೇಳ್ತೀರಿ? ತಳೇಗಾಂವ ಅಂದ್ರ ಏನಂತ ನಾಯಿ ಕೊಡಾವರಿಗೆ ಗೊತ್ತಿರಂಗಿಲ್ಲೇನು? ಗೊತ್ತಿದ್ದs ಕೊಡ್ತಾರ. ಹಲ್ಲಿಲ್ಲ, ಕಣ್ಣಿಲ್ಲ, ಮಲಗಿದಲ್ಲೇ ಉಚ್ಚಿ ಹೊಯ್ಯೂ ನಾಯಿ. ನಾ ಏನ ಅದನ್ನ ಸಾಲಿಗೆ ಹೆಸರ ಹಚ್ಚಿ ಹೋಗಿದ್ದೆನೇನು?"

"ಮತ್ತ ರೊಟ್ಟಿ?"

"ಆಕಿ ಮಾಡತಾಳ, ನಾ ತರ್ತೀನಿ, ನೀವು ತಿಂತೀರಿ. ಯಾರಿಗೇನ ನುಕ್ಸಾನು?" ಶಿವರುದ್ರಪ್ಪ ಅವನ ಭುಜದ ಮೇಲೆ ಕೈಯಿಟ್ಟರು. ಅದರಲ್ಲಿ ನಿಜವಾದ ಪ್ರೀತಿ ಇತ್ತು. "ಒಬ್ಬನs ಇರೂ ಹುಡುಗ, ಖಾನಾವಳಿ ಕೂಳು. ತಿನ್ಲಿ ಬಿಡು ಅಂತ ಸುಮ್ಮಿದ್ದೆ. ಎಳ್ಳ ಹಚ್ಚಿ ಕಟಕ ಮಾಡಸ್ರಿ ಅಂದ್ರಲ್ಲ, ಅವತ್ತ ಮಾತ್ರ ನಗಿ ತಡಕೊಳ್ಳೂದು ಭಾಳ ಕಷ್ಟಾತು ನೋಡ್ರಿ."

ಶಿವರುದ್ರಪ್ಪ ಸಿಟ್ಟಾಗಿದ್ದರೆ, ಕಪಾಳಕ್ಕೆ ಹೊಡೆದಿದ್ದರೆ, ಅದಕ್ಕೆ ಅವನು ತಯಾರಿದ್ದ. ಎಷ್ಟೋ ರಾತ್ರಿ ಆ ಏಟನ್ನು ಕಲ್ಪಿಸಿಕೊಂಡು ಕೆನ್ನೆ ಮುಂದೆ ಮಾಡಿದ್ದ. ಈ ಕರುಣೆಗೆ ಅವನಲ್ಲಿ ಯಾವ ತಯಾರಿಯೂ ಇರಲಿಲ್ಲ. ಅಷ್ಟು ತಿಂಗಳು ಕದ್ದು ತಿಂದೆ ಎಂದು ತಿಳಿದದ್ದು ಕಳವೂ ಆಗಿರಲಿಲ್ಲ, ಯಾರೋ ಬಡ ವಿದ್ಯಾರ್ಥಿಗೆ ಹಚ್ಚಿಕೊಟ್ಟ ವಾರಾನ್ನವಾಗಿತ್ತು. ತನ್ನ ಆ ಏಕಾಂತದ ನರಳಿಕೆಯನ್ನು ಈ ಮನುಷ್ಯ ಶನಿವಾರಕ್ಕೊಮ್ಮೆ ಬಂದು, ಅಂಗಡಿಯಲ್ಲಿ ಖಣದ ಅಂಚು ಸವರಿ ನೋಡುವ ಹಾಗೆ ಸವರಿ ನೋಡಿ, ನಗೆ ತಡೆದುಕೊಂಡು ಹೋಗುತ್ತಿದ್ದ. ಹಾಗಾದರೆ ತಾನು ಯಾರ ಸಲುವಾಗಿ ನರಳಿದ್ದು? ಒಳಗೆ ಚನ್ನಬಸವ್ವ ಸೆರಗಿನಿಂದ ಬೆಲ್ಟಿನ ಗೆಜ್ಜೆ ಒರೆಸುತ್ತಿದ್ದರು. ಸತ್ಯ ತಿಳಿಯದ ಒಬ್ಬರೇ ಒಬ್ಬರು ಇನ್ನು ಉಳಿದದ್ದು ಅವರು. ಪ್ರೇಮಕುಮಾರನಿಗೆ ಥಟ್ಟನೆ ಸತ್ಯದ ಮೇಲೆ ಪ್ರೀತಿ ಉಕ್ಕಿತು. ಅದು ಯಾಕೆ ಉಕ್ಕಿತೆಂದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಹಿಂದಿನಿಂದ ಶಿವರುದ್ರಪ್ಪ "ಡೆಹರಾಡೂನ್ರಿ" ಎಂದು ಮತ್ತೊಮ್ಮೆ ಅಂದದ್ದು ಕೇಳಿ ಇನ್ನಷ್ಟು ಬೇಗ ಒಳಗೆ ನಡೆದ.

"ಅವ್ವಾರ, ಸರದಾರ ಇಲ್ಲರಿ. ನೀವು ಬಿಟ್ಟ ಹೋದ ದಿನಾನs ನಾನs ಸೂಜಿ ಚುಚ್ಚಿ ಕೊಂದೆ."

ಕೊಂದೆ ಎಂಬ ಮಾತನ್ನು ಆರಿಸಿ ಹೇಳಿದ್ದ. ಅದರ ರುಚಿ ನಾಲಿಗೆಯ ಮೇಲೆ ಇನ್ನೂ ಇರುವಾಗಲೇ, ಈಗ ಈಕೆ ಅಳುತ್ತಾಳೆ, ಶಾಪ ಹಾಕುತ್ತಾಳೆ, ಆಮೇಲೆ ಸಾವಕಾರ ಹೇಗೆ ನಗೆ ತಡೆದುಕೊಳ್ಳುತ್ತಾನೋ ನೋಡೋಣ ಎಂದು ಕಾದ. ಚನ್ನಬಸವ್ವ ಅವನ ಮುಖ ನೋಡಲೇ ಇಲ್ಲ. ಬಾಗಿಲಲ್ಲಿ ನಿಂತ ಗಂಡನನ್ನು ನೋಡಿದರು.

"ನಿಮಗ ಗೊತ್ತಿತ್ತು."

ಶಿವರುದ್ರಪ್ಪ ತಿರುಗುತ್ತಿದ್ದ ಫ್ಯಾನನ್ನು ಪರೀಕ್ಷಿಸತೊಡಗಿದರು.

"ಹಾಂ ಅನ್ರಿ, ಇಲ್ಲಾ ಅನ್ರಿ."

"ಮುಪ್ಪಾಗಿತ್ತಲ್ಲ," ಎಂದರು ಶಿವರುದ್ರಪ್ಪ.

"ಮುಪ್ಪು," ಎಂದರು ಚನ್ನಬಸವ್ವ. ಗಂಡನ ಬೋಳು ತಲೆಯಿಂದ ಚಪ್ಪಲಿಯವರೆಗೆ ಒಮ್ಮೆ ನಿಧಾನವಾಗಿ ನೋಡಿದರು. ಶಿವರುದ್ರಪ್ಪ ಒಂದು ಹೆಜ್ಜೆ ಹಿಂದೆ ಸರಿದದ್ದು ಗಾಜಿನಲ್ಲಿ ಎರಡು ಸಲ ಕಂಡಿತು. ಆಮೇಲೆ ಆಕೆ ಡಬ್ಬಿಯನ್ನೂ ಬೆಲ್ಟನ್ನೂ ಚೀಲಕ್ಕೆ ಹಾಕಿ, ಎದ್ದು, ಡಾಕ್ಟರನ ಕಡೆ ತಿರುಗಿದರು.

"ಎಲ್ಲಿ ಮಾಡಿದ್ರಿ? ತೋರಸ್ರಿ."

"ಅಲ್ಲೇನಿಲ್ಲರಿ ಅವ್ವಾರ, ನೋಡೂವಂಥಾದ್ದು..."

"ಬರ್ರಿ, ನೋಡ್ರಿ ಅಂತ ಪೇಪರಿನ್ಯಾಗ ಹಾಕೀರಲ್ಲ. ಬಂದೀನಿ. ತೋರಸ್ರಿ."

ಆ ಹೊತ್ತಿಗೆ ಸರಿಯಾಗಿ ದೇವಧರ ಬಾಯಿ ಅತಿಥಿಗಳ ಗುಂಪನ್ನು ಕರೆದುಕೊಂಡು ಪಡಸಾಲೆಗೆ ಬಂದರು. ಗಾಜು, ಬೆಳಕು, ವಿಶ್ವಾಸ ಎಂದು ಮರಾಠಿಯಲ್ಲಿ ಏನೋ ಹೇಳುತ್ತಿದ್ದವರು, ಹಿಂದಿನ ಬಾಗಿಲ ಕಡೆ ಹೊರಟ ಇಳಕಲ್ಲ ಸೀರೆಯನ್ನು ಕಂಡು ಬಾಯಲ್ಲಿಯ ಮಾತನ್ನು ಅಲ್ಲೇ ಬಿಟ್ಟು ಮುಂದೆ ಬಂದರು. ಅದು ವಿಶ್ರಾಂತಿ ಕೋಣೆ, ಈಗ ಖಾಲಿ ಇದೆ, ನೋಡಲು ಏನಿಲ್ಲ ಎಂದರು. ಪೇಟೆಯಲ್ಲಿ ಮರಾಠಿ ಹೆಂಗಸರೊಂದಿಗೆ ಚೌಕಾಸಿ ಮಾಡಿ ಮಾಡಿ ಪಳಗಿದ ದನಿಯಲ್ಲಿ ಚನ್ನಬಸವ್ವ, "ಸಗಳಂ ದಾಖವತಾ ನಾ? ಮಗ ಹೀ ಖೋಲೀಪಣ ದಾಖವಾ," ಎಂದರು. ಎಲ್ಲ ತೋರಿಸುತ್ತೀರಲ್ಲ, ಇದನ್ನೂ ತೋರಿಸಿ. ಅತಿಥಿಗಳು ಆಸಕ್ತಿಯಿಂದ ಮುಂದೆ ಸರಿದರು. ಬಾಯಿ ಪ್ರೇಮಕುಮಾರನನ್ನು ನೋಡಿದರು. ಆ ನೋಟದಲ್ಲಿ ಅವನ ನೌಕರಿ, ಕೋಣೆಬಾಡಿಗೆ, ತಿಂಗಳಿಗೊಮ್ಮೆ ಊರಿಗೆ ಮಾಡುವ ಮನಿಆರ್ಡರು ಎಲ್ಲ ಸ್ಪಷ್ಟವಾಗಿ ಕಾಣುತ್ತಿದ್ದವು. ಅವನು ಬೀಗದ ಕೈ ತೆಗೆದ. ಧೈರ್ಯ ಬಂದದ್ದರಿಂದ ತೆಗೆದನೋ, ಅಷ್ಟು ಜನರೆದುರು ಇಲ್ಲವೆನ್ನಲು ನಾಚಿಕೆಯಾಗಿ ತೆಗೆದನೋ, ತೆಗೆಯುವಾಗ ಅವನಿಗೆ ತಿಳಿಯಲಿಲ್ಲ.

ಅವ್ವಣ್ಣ ತೊಳೆದ ನೆಲ ಇನ್ನೂ ಹಸಿ ಇತ್ತು. ಚನ್ನಬಸವ್ವ ನಿರಿಗೆಯನ್ನು ಎತ್ತಿ ಹಿಡಿದು ಒಳಗೆ ಬಂದರು, ಮೇಜಿನ ಬಳಿ ನಿಂತರು. ಬಾಗಿಲಲ್ಲಿ ಒಬ್ಬರ ಹಿಂದೊಬ್ಬರು ತಲೆಗಳು ಕೂಡಿದವು. ಎಲ್ಲರ ಹಿಂದೆ ಶಿವರುದ್ರಪ್ಪನ ಬೋಳು ತಲೆ, ಒಳಗೂ ಬಾರದು, ಹೊರಗೂ ಹೋಗದು. ಆಕೆ ಅಂಗೈಯನ್ನು ಮೇಜಿನ ಮೇಲೆ ಊರಿದರು. ಬಾಣಂತಿಯ ಕೋಣೆಯಲ್ಲಿ ಕೂಸಿನ ಹಾಸಿಗೆ ಮುಟ್ಟಿ ನೋಡುವ ಹಿರಿಯರ ಹಾಗೆ ಆ ತುದಿಯಿಂದ ಈ ತುದಿಯವರೆಗೆ ಸವರಿದರು.

"ಥಂಡ ಅದಲ್ರಿ."

ಅವನು ಬೀಗದ ಕೈಯನ್ನು ಕೋಟಿನ ಜೇಬಿಗೆ ಹಾಕಿದ.

"ಏನರೆ ಹಾಸ್ತಿದ್ರೋ, ಹಂಗs ಮಲಗಸ್ತಿದ್ರೋ?"

ಹಾಗೇ ಎಂದರೆ ಮುಗಿದುಹೋಗುತ್ತಿತ್ತು. ಕೊಂದೆ ಎನ್ನುವುದು ಅಷ್ಟು ಸುಲಭವಾಗಿ ಬಂದಿತ್ತು. ಅದಕ್ಕೆ ಹೋಲಿಸಿದರೆ ಇದೊಂದು ಸಣ್ಣ ಮಾತು, ಎರಡಕ್ಷರದ್ದು. ಬಾಯಿ ತೆರೆದ. ಆಕೆ ಅಂಗೈಯನ್ನು ಇನ್ನೂ ಮೇಜಿನ ಮೇಲೆಯೇ ಇಟ್ಟುಕೊಂಡಿದ್ದರು.

"ಹಾಸ್ತಿದ್ವಿರಿ," ಎಂದ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ಹಳೀ ಕೌದಿ ಅದರಿ ಒಂದು. ಮೆತ್ತಗಿಂದು. ಅದರ ಮ್ಯಾಲs ಮಲಗಿದ್ದ."

ಚನ್ನಬಸವ್ವ ತಲೆಯೆತ್ತಿ, ಅವನು ಕೊಂದೆ ಎಂದ ಮೇಲೆ ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದರು.

"ಎಲ್ಲೆದ? ತೋರಸ್ರಿ."

ಪ್ರೇಮಕುಮಾರ ಸ್ಟೀಲಿನ ಕಪಾಟಿನ ಬಾಗಿಲು ತೆರೆದ. ಅದರಲ್ಲಿ ಏನೇನಿದೆ, ಏನಿಲ್ಲ ಎಂದು ಅವನಷ್ಟು ಬಲ್ಲವರು ಯಾರೂ ಇರಲಿಲ್ಲ. ಆದರೂ ಬಗ್ಗಿ, ಮೊದಲ ಖಾನೆಯ ಬಾಟಲಿಗಳನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸುತ್ತ, ಹುಡುಕತೊಡಗಿದ.